ಅಪರಾಧಿ ಹೊಸ ಗ್ರಾಫಿಕ್ಸ್ ಕಾರ್ಡೇ?

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ಊರುಗಳಲ್ಲಿ ಯಾವುದಾದರೊಂದರ ವಿದ್ಯಾರ್ಥಿಯು, ವರ್ಷವಿಡೀ ಕೂಡಿಟ್ಟ ಹಣದಿಂದ ತನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಂಡನೆಂದು ಭಾವಿಸೋಣ. ಪಾಠ ಬರೆಯುವಾಗಲೂ ಚಲನಚಿತ್ರ ನೋಡುವಾಗಲೂ ಎಲ್ಲವೂ ಸುಸೂತ್ರ. ಆಟವೊಂದನ್ನು ತೆರೆದು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತ್ರ ಪರದೆ ಕಪ್ಪಾಗುತ್ತದೆ. ಇಲ್ಲವೆ ಯಂತ್ರವೇ ಆರಿಹೋಗುತ್ತದೆ. ಕಾರ್ಡು ಬರುವ ಮೊದಲು ಈ ತೊಂದರೆ ಇರಲಿಲ್ಲ, ಬಂದ ಮೇಲೆ ಮೊದಲಾಯಿತು, ಆದುದರಿಂದ ಕಾರ್ಡೇ ಕೆಟ್ಟದ್ದು ಎಂದು ಸುತ್ತಲಿನವರು ತೀರ್ಪು ಕೊಟ್ಟುಬಿಡುತ್ತಾರೆ.

ಈ ತೀರ್ಪು ತಪ್ಪಾದರೆ ನಷ್ಟ ಸಣ್ಣದಲ್ಲ. ಕಾರ್ಡನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳುಹಿಸಿ, ವಾರಗಟ್ಟಲೆ ಕಾದು, ದೋಷವಿಲ್ಲವೆಂಬ ಉತ್ತರದೊಡನೆ ಅದನ್ನೇ ಮರಳಿ ಪಡೆಯಬೇಕಾದೀತು. ಅಷ್ಟರಲ್ಲಿ ಅಂಗಡಿಯವರು ವಸ್ತುವನ್ನು ಬದಲಿಸಿಕೊಡುವ ಅವಧಿಯೂ ಮುಗಿದಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಕೊಂಬೆ ಮೊದಲೇ ಶಿಥಿಲವಾಗಿತ್ತೇ ಎಂಬುದನ್ನು ನೋಡದೆ ಕಾಗೆಯನ್ನು ದೂಷಿಸುವುದು ವಿಜ್ಞಾನದ ರೀತಿಯಲ್ಲ.

ಆಟದಲ್ಲಿ ಮಾತ್ರ ತೊಂದರೆ ಏಕೆ? ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಸಾಲಿಗೆ 1920ರಂತೆ, ಮೇಲಿನಿಂದ ಕೆಳಕ್ಕೆ 1080 ಸಾಲುಗಳಲ್ಲಿ ಬಣ್ಣದ ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600 ಚುಕ್ಕೆಗಳಾದುವು. ಆಟದ ಚಿತ್ರವು ಸೆಕೆಂಡಿಗೆ 60 ಸಲ ಬದಲಾದರೆ, ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಮೇಲ್ಪಟ್ಟು ಚುಕ್ಕೆಗಳ ಬಣ್ಣವನ್ನು ಲೆಕ್ಕಹಾಕಬೇಕು. ಇದಕ್ಕಾಗಿ ಕಾರ್ಡಿನ ಚಿಪ್ಪಿನಲ್ಲಿ ಸಾವಿರಾರು ಪುಟ್ಟ ಗಣಕಗಳು ಏಕಕಾಲದಲ್ಲಿ ದುಡಿಯುತ್ತವೆ. ಪಾಠ ಬರೆಯುವಾಗ ಇವುಗಳಲ್ಲಿ ಬಹುಪಾಲು ವಿಶ್ರಾಂತಿಯಲ್ಲಿರುತ್ತವೆ. ಆಟ ತೊಡಗಿದೊಡನೆ ಕಾರ್ಡಿನ ಮೇಲೆ ಮಾತ್ರವಲ್ಲ, ಅದಕ್ಕೆ ವಿದ್ಯುತ್ತನ್ನು ಒದಗಿಸುವ ಪವರ್ ಸಪ್ಲೈ, ಆಜ್ಞೆಗಳನ್ನು ಕಳುಹಿಸುವ ಪ್ರೊಸೆಸರ್, ಸ್ಮೃತಿಯ ಫಲಕಗಳು, ಪೆಟ್ಟಿಗೆಯೊಳಗಿನ ಗಾಳಿ ಇವೆಲ್ಲವುಗಳ ಮೇಲೂ ಒಮ್ಮೆಲೇ ಭಾರ ಬೀಳುತ್ತದೆ. ಅವುಗಳಲ್ಲಿ ಯಾವುದು ದುರ್ಬಲವೋ ಅದು ಸೋಲುತ್ತದೆ. ಹೆಸರು ಮಾತ್ರ ಹೊಸ ಕಾರ್ಡಿಗೆ ಬರುತ್ತದೆ.

ಮೊದಲನೆಯ ಶಂಕಿತ ವಿದ್ಯುತ್ತು. ಹಿರೇಕೆರೂರಿನ ಹೊಲದಲ್ಲಿ ಪಂಪ್‌ಸೆಟ್ಟನ್ನು ಚಾಲೂ ಮಾಡಿದಾಗ ಹತ್ತಿರದ ಮನೆಯ ದೀಪ ಒಂದು ಕ್ಷಣ ಮಂಕಾಗುವುದನ್ನು ನೀವು ಕಂಡಿರಬಹುದು. ನಿಂತ ಮೋಟಾರು ತಿರುಗತೊಡಗುವಾಗ, ಓಡುವಾಗ ಬೇಕಾಗುವುದರ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಮೋಟಾರಿನ ಕಾರಣ ಇಲ್ಲವಾದರೂ ಪರಿಣಾಮದಲ್ಲಿ ಹೋಲಿಕೆಯುಂಟು. ಆಟದ ದೃಶ್ಯವು ಥಟ್ಟನೆ ಬದಲಾದಾಗ, ಸರಾಸರಿ 200 ವಾಟ್ ಬಳಸುವ ಕಾರ್ಡು ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಅದಕ್ಕಿಂತ ಬಹಳ ಹೆಚ್ಚನ್ನು ಬೇಡುತ್ತದೆ. ಪವರ್ ಸಪ್ಲೈ ಅದನ್ನು ತಾಳದಿದ್ದರೆ ತನ್ನ ರಕ್ಷಣೆಗಾಗಿ ತಾನೇ ಆರಿಹೋಗುತ್ತದೆ. ಇಂತಹ ಕ್ಷಣಿಕ ಏರಿಕೆಗಳನ್ನು ಗಮನಿಸಿಯೇ 2022ರ ಎಟಿಎಕ್ಸ್ 3.0 ಎಂಬ ನಿಯಮಾವಳಿಯು, ಪವರ್ ಸಪ್ಲೈ ತನ್ನ ಶಕ್ತಿಯ ಎರಡು ಪಟ್ಟು ಭಾರವನ್ನು 100 ಮೈಕ್ರೋಸೆಕೆಂಡು ತಾಳಬೇಕೆಂದು ವಿಧಿಸಿತು.

ಜೋಡಣೆಯನ್ನೂ ನೋಡತಕ್ಕದ್ದು. ಮದರ್‌ಬೋರ್ಡಿನ ಸೀಳುಗಂಡಿಯಿಂದ ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ದೊರೆಯುತ್ತದೆ; ಎಂಟು ಮೊಳೆಗಳ ತಂತಿಯಿಂದ 150 ವಾಟ್. ಕಾರ್ಡಿಗೆ ಇಂತಹ ಎರಡು ತಂತಿಗಳು ಬೇಕಾಗಿದ್ದರೆ, ಒಂದೇ ತಂತಿಯ ಕವಲುಗಳೆರಡನ್ನು ಚುಚ್ಚುವುದಕ್ಕಿಂತ ಪವರ್ ಸಪ್ಲೈಯಿಂದ ಎರಡು ಪ್ರತ್ಯೇಕ ತಂತಿಗಳನ್ನು ತರುವುದು ಮೇಲು. ಮನೆಯ ಅರ್ತಿಂಗ್ ಸರಿಯಿದೆಯೇ ಎಂಬುದನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸುವುದೂ ಅಗತ್ಯ. ಆದರೆ ಪವರ್ ಸಪ್ಲೈಯ ಡಬ್ಬಿಯನ್ನು ಎಂದಿಗೂ ಬಿಚ್ಚಬಾರದು; ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರಬಲ್ಲದು.

ಎರಡನೆಯ ಶಂಕಿತ ಉಷ್ಣ. ಕಾರ್ಡು ತನ್ನ ಉಷ್ಣವನ್ನು ಕೋಣೆಯ ಗಾಳಿಗೆ ಬಿಡಬೇಕು. 25 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ 70 ಡಿಗ್ರಿಗೆ ನಿಲ್ಲುವ ಕಾರ್ಡು, ಬೇಸಿಗೆಯ ಮಧ್ಯಾಹ್ನ ಸವಣೂರಿನ ತಗಡಿನ ಮಾಡಿನ ಕೋಣೆಯೊಂದರಲ್ಲಿ ಗಾಳಿ 38 ಡಿಗ್ರಿಯಿದ್ದರೆ, ಸರಿಸುಮಾರು 83ಕ್ಕೆ ಏರುತ್ತದೆ. ಇದರ ಮೇಲೆ ಗೋವಿನಜೋಳದ ರಾಶಿಯ ಕಾಲದಲ್ಲಿ ಹಾರುವ ಹೊಟ್ಟು, ಹತ್ತಿಯ ಎಳೆ, ರಸ್ತೆಯ ಧೂಳು ಫ್ಯಾನುಗಳನ್ನು ಮುಚ್ಚಿದರೆ ಕೇಳಬೇಕೇ! ಉಷ್ಣದ ದೋಷವು ಸಾಮಾನ್ಯವಾಗಿ ತಡವಾಗಿ ಬರುತ್ತದೆ: ಆಟ ಮೊದಲು ನಿಧಾನವಾಗಿ, ಫ್ಯಾನುಗಳು ಭೋರ್ಗರೆದು, ಆಮೇಲೆ ನಿಲ್ಲುತ್ತದೆ. ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದು, ಮೇಜಿನ ಫ್ಯಾನಿನ ಗಾಳಿಯನ್ನು ಹಾಯಿಸಿ ಆಡಿದಾಗ ತೊಂದರೆ ಮಾಯವಾದರೆ, ಕಾರಣ ಬಹುಮಟ್ಟಿಗೆ ಉಷ್ಣವೇ.

ಮೂರನೆಯದು ಕಣ್ಣಿಗೆ ಕಾಣದ ಡ್ರೈವರ್. ಕಾರ್ಡಿಗೂ ವಿಂಡೋಸಿಗೂ ನಡುವಣ ದುಭಾಷಿಯೆನ್ನಬಹುದಾದ ತಂತ್ರಾಂಶವಿದು. ಕಾರ್ಡಿನ ಉತ್ತರಕ್ಕಾಗಿ ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಕಾರ್ಡನ್ನು ಹೊಸದಾಗಿ ಎಬ್ಬಿಸಲು ಯತ್ನಿಸುತ್ತದೆ. ಹಳೆಯ ಕಾರ್ಡಿನ ಡ್ರೈವರ್ ಪೂರ್ಣವಾಗಿ ಹೋಗದೆ ಉಳಿದಿದ್ದರೆ ಎಡವಟ್ಟಾಗಬಹುದು. ಅದನ್ನು ತೆಗೆದು, ತಯಾರಕರ ಡ್ರೈವರನ್ನೇ ಹೊಸದಾಗಿ ಸ್ಥಾಪಿಸಬೇಕು. ವಿಂಡೋಸಿನ ಈವೆಂಟ್ ವ್ಯೂವರ್ ಎಂಬ ದಿನಚರಿಯೂ ಸಾಕ್ಷಿ ಹೇಳುತ್ತದೆ. ಅದರಲ್ಲಿ 4101 ಎಂಬ ಸಂಖ್ಯೆಯಿದ್ದರೆ ಡ್ರೈವರ್ ಉತ್ತರಿಸದೆ ನಿಂತು ಚೇತರಿಸಿಕೊಂಡಿತೆಂದರ್ಥ. 41 ಎಂಬುದು ಯಂತ್ರವು ಕ್ರಮವಾಗಿ ಮುಚ್ಚದೆ ಆರಿಹೋಯಿತೆಂದಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ.

ಹೊರನೋಟದ ತೀರ್ಪು ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೆ ಎರಡು ನಿದರ್ಶನಗಳುಂಟು. 2020ರ ಸೆಪ್ಟೆಂಬರ್ 17ರಂದು ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 3080 ಕಾರ್ಡುಗಳು ಮಾರಾಟಕ್ಕೆ ಬಂದುವು. ಕೆಲವೇ ದಿನಗಳಲ್ಲಿ, ಆಟದ ನಡುವೆ ಅವು ಕುಸಿಯುತ್ತವೆಂಬ ದೂರುಗಳೆದ್ದುವು. ಕಾರ್ಡಿನ ಹಿಂಬದಿಯ ಕೆಪಾಸಿಟರುಗಳೇ ಕಾರಣವೆಂದು ಅನೇಕರು ವಾದಿಸಿದರು. ಸೆಪ್ಟೆಂಬರ್ 28ರಂದು ಹೊರಬಂದ 456.55ನೆಯ ಡ್ರೈವರನ್ನು ಹಾಕಿದ ಮೇಲೆ, ಒಂದು ಬಿಡಿಭಾಗವನ್ನೂ ಬದಲಿಸದೆಯೇ ಹಲವರ ಕಾರ್ಡುಗಳು ಸರಿಯಾಗಿ ನಡೆದುವು.

ಎರಡನೆಯದು ಇನ್ನೂ ವಿಚಿತ್ರ. 2024ರಲ್ಲಿ ಅನೇಕರ ಆಟಗಳು, ಗ್ರಾಫಿಕ್ಸ್ ಕಾರ್ಡಿನ ಸ್ಮೃತಿ ಸಾಲದೆಂಬ ಸಂದೇಶವನ್ನು ತೋರಿ ನಿಲ್ಲುತ್ತಿದ್ದುವು. ಕಾರ್ಡುಗಳಲ್ಲಾದರೋ ಬೇಕಾದಷ್ಟು ಸ್ಮೃತಿಯಿತ್ತು! ಕೊನೆಗೆ ದೋಷ ಕಂಡುದು ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ತಲೆಮಾರಿನ ಕೆಲವು ಪ್ರೊಸೆಸರುಗಳಲ್ಲಿ. ಅವು ತಮಗೆ ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳುತ್ತಿದ್ದುವು. ಅದೇ ವರ್ಷದ ಆಗಸ್ಟಿನಲ್ಲಿ ಸಂಸ್ಥೆಯು ತಿದ್ದುಪಡಿಯನ್ನು ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಹಾಗಾದರೆ ಸತ್ಯವನ್ನು ಹುಡುಕುವ ಬಗೆ ಹೇಗೆ? ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು 1843ರಲ್ಲಿಯೇ ವ್ಯತ್ಯಾಸ ವಿಧಾನವೆಂಬುದನ್ನು ವಿವರಿಸಿದನು. ಎಲ್ಲ ಸಂಗತಿಗಳನ್ನೂ ಮೊದಲಿದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿದಾಗ ಫಲ ಬದಲಾದರೆ, ಆ ಒಂದು ಸಂಗತಿಗೂ ಫಲಕ್ಕೂ ಸಂಬಂಧವುಂಟು. ಡ್ರೈವರ್, ತಂತಿ, ಸ್ಮೃತಿಫಲಕ ಮೂರನ್ನೂ ಒಂದೇ ಸಂಜೆ ಬದಲಿಸಿದವನಿಗೆ ಆಟ ನಡೆದರೂ ಕಾರಣ ತಿಳಿಯದು.

ಆದುದರಿಂದ ಒಂದು ನೋಟುಪುಸ್ತಕವನ್ನು ತೆಗೆದುಕೊಳ್ಳಿರಿ. ದಿನಾಂಕ, ವೇಳೆ, ಆಟ, ಎಷ್ಟು ನಿಮಿಷಕ್ಕೆ ನಿಂತಿತು, ಕಾರ್ಡಿನ ಉಷ್ಣತೆ, ಮಾಡಿದ ಒಂದೇ ಬದಲಾವಣೆ ಇವುಗಳನ್ನು ಬರೆಯಿರಿ. ಮೊದಲು ಖರ್ಚಿಲ್ಲದ ಪರೀಕ್ಷೆಗಳು: ಡ್ರೈವರ್, ಆಮೇಲೆ ಗಾಳಿ, ಆಮೇಲೆ ತಂತಿಗಳು. ಸ್ಮೃತಿಫಲಕಗಳನ್ನು ವಿಶೇಷ ವೇಗದಲ್ಲಿ ಓಡಿಸುತ್ತಿದ್ದರೆ ಅದನ್ನು ಸಾಮಾನ್ಯಕ್ಕೆ ತನ್ನಿರಿ. ಕಾರ್ಡಿನ ವಿದ್ಯುತ್ ಮಿತಿಯನ್ನು ಶೇಕಡ 75ಕ್ಕೆ ಇಳಿಸಿ ನೋಡಿರಿ. ಆಗ ತೊಂದರೆ ನಿಂತರೆ ಶಂಕೆಯು ವಿದ್ಯುತ್ತು, ಉಷ್ಣ, ಕಾರ್ಡಿನ ವೇಗ ಈ ಮೂರರತ್ತ ಸರಿಯುತ್ತದೆ. ಕೊನೆಯದು ನಿರ್ಣಾಯಕ ಪರೀಕ್ಷೆ. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಹೊಸ ಕಾರ್ಡನ್ನು ಸಾಕಷ್ಟು ಶಕ್ತಿಯ ಪವರ್ ಸಪ್ಲೈಯುಳ್ಳ ಗೆಳೆಯನ ಯಂತ್ರಕ್ಕೆ ಹಾಕಿರಿ. ಅಲ್ಲಿ ಗಂಟೆಗಟ್ಟಲೆ ಸರಿಯಾಗಿ ನಡೆದರೆ ದೋಷವನ್ನು ನಿಮ್ಮ ಯಂತ್ರದಲ್ಲಿಯೇ ಹುಡುಕಬೇಕು. ಅಲ್ಲಿಯೂ ಕುಸಿದರೆ, ಅಥವಾ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳೂ ಗೆರೆಗಳೂ ಮೂಡಿದರೆ, ಕಾರ್ಡಿನ ಮೇಲಣ ಆರೋಪವು ಸ್ಥಿರಪಟ್ಟಂತೆ.

ಆಗ ಕಾರ್ಡಿನ ತಿರುಪುಗಳನ್ನು ಬಿಚ್ಚದೆ, ರಸೀದಿ, ಕ್ರಮಸಂಖ್ಯೆ, ನೋಟುಪುಸ್ತಕದ ಪುಟಗಳ ಚಿತ್ರ ಇವುಗಳೊಡನೆ ಅಂಗಡಿಗೆ ಒಯ್ಯಿರಿ. ಆಟವಾಡುವಾಗ ಕೆಡುತ್ತದೆ ಎಂದಷ್ಟೇ ಹೇಳುವ ಗಿರಾಕಿಯನ್ನು ಮರಳಿಸುವುದು ಸುಲಭ. ಎರಡು ಯಂತ್ರಗಳಲ್ಲಿ, ಆರು ದಿನ, ಇಂತಿಂತಹ ಉಷ್ಣತೆಯಲ್ಲಿ ಹೀಗಾಯಿತೆಂದು ಬರೆದು ತಂದವನಿಗೆ ಬರಿಗೈಯಲ್ಲಿ ಉತ್ತರ ಕೊಡುವುದು ಕಷ್ಟ.