ಕೊರಳು ಮತ್ತು ತಂತಿ

ನಮ್ಮ ಸಂಗೀತ ಕಚೇರಿಗಳಲ್ಲಿ ಪಿಟೀಲು ಹಾಡುಗಾರರ ಪಕ್ಕದಲ್ಲಿ ಕುಳಿತು ಸುಮಾರು ಎರಡು ಶತಮಾನಗಳಾದುವು. ಪಕ್ಕವಾದ್ಯವೆಂಬ ಹೆಸರಿನಲ್ಲಿಯೇ ಅದರ ಧರ್ಮವೂ ಅಡಗಿದೆ: ಪಕ್ಕದಲ್ಲಿರಬೇಕು, ಹಾಡನ್ನು ಮೀರಿ ಮುಂದೆ ಬರಬಾರದು. ಒಂದು ಪಿಟೀಲಿಗೆ ಈ ವಿನಯ ಒಗ್ಗುವುದೇ ಕಷ್ಟ. ಇನ್ನು ಹತ್ತಾರು ಪಿಟೀಲುಗಳು, ಅವುಗಳೊಡನೆ ಗಿಟಾರು, ಡ್ರಮ್ಮುಗಳೂ ಸೇರಿದರೆ ಹಾಡುವವನ ಕೊರಳಿನ ಗತಿಯೇನು? ಪಾಶ್ಚಾತ್ಯ ಜನಪ್ರಿಯ ಗೀತೆಗಳನ್ನು ಕೇಳುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡಿದೆ. ಇದಕ್ಕೆ ಉತ್ತರ ಅರಸುವವರಿಗೆ ಇಂಗ್ಲೆಂಡಿನ ಬೀಟಲ್ಸ್ ತಂಡದ ನಾಲ್ಕು ಗೀತೆಗಳಿಗಿಂತ ಒಳ್ಳೆಯ ಪಾಠ ಇಲ್ಲವೆಂದು ನನ್ನ ಎಣಿಕೆ.

1965ರ ಜೂನ್ ತಿಂಗಳಲ್ಲಿ ಪಾಲ್ ಮೆಕಾರ್ಟ್ನಿಯವರು ‘ಯೆಸ್ಟರ್‌ಡೇ’ ಗೀತೆಯನ್ನು ತಮ್ಮ ಗಿಟಾರಿನೊಡನೆ ಒಬ್ಬರೇ ಹಾಡಿ ಮುದ್ರಿಸಿದರು. ಅದಕ್ಕೆ ತಂತಿವಾದ್ಯಗಳನ್ನು ಕೂಡಿಸೋಣವೆಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಸೂಚಿಸಿದಾಗ ಅವರು ಹಿಂಜರಿದರು. ಆ ಕಾಲದ ಮಾಂಟೊವಾನಿ ವಾದ್ಯವೃಂದದ ಸಕ್ಕರೆಪಾಕ ತಮ್ಮ ಹಾಡಿಗೂ ಅಂಟೀತೆಂಬ ಭಯ ಅವರದು. ಮಾರ್ಟಿನ್ ಕರೆಸಿದುದು ನಾಲ್ವರನ್ನು ಮಾತ್ರ: ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ. ಬೆರಳನ್ನು ನಡುಗಿಸಿ ಸ್ವರವನ್ನು ಅಲುಗಿಸುವ ವೈಬ್ರಾಟೊ ಕೂಡದೆಂದು ಮೆಕಾರ್ಟ್ನಿ ಕೇಳಿಕೊಂಡರು. ನಾಲ್ಕು ವಾದ್ಯಗಳೂ ತಗ್ಗಿ ನಡೆದುವು, ಕೊರಳು ಉಳಿಯಿತು.

ಈ ಎಚ್ಚರಿಕೆಗೆ ಶಾಸ್ತ್ರದ ಆಧಾರವೂ ಉಂಟು. ಪಿಟೀಲಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 196 ಸಲ ಕಂಪಿಸುತ್ತದೆ. ಮನುಷ್ಯ ಹಾಡುವ ಸ್ಥಾಯಿಯೂ ಅದೇ ಆವರಣದ್ದು. ಮಾತಿನ ಅಕ್ಷರಗಳನ್ನು ಬಿಡಿಸಿ ತೋರಿಸುವುದು ಬಹುಮಟ್ಟಿಗೆ 2,000ದಿಂದ 4,000 ಕಂಪನಗಳ ನಡುವಣ ನಾದ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಅಲ್ಲಿ. ಪಿಟೀಲಿನ ಹೊಳಪಿರುವುದೂ ಅಲ್ಲಿಯೇ. ಒಂದೇ ಎಡೆಗೆ ಎರಡು ನಾದಗಳು ಬಂದಾಗ ಬಲವಾದುದು ಇನ್ನೊಂದನ್ನು ಮರೆಮಾಡುತ್ತದೆ. ಕೆಳಗೆ ಚೆಲ್ಲೊಗೂ ಬಾಸ್ ಗಿಟಾರಿಗೂ ಇದೇ ಜಗಳ. ಆದುದರಿಂದಲೇ ಮಿಶ್ರಣ ಮಾಡುವ ಧ್ವನಿತಜ್ಞರು ತಂತಿವಾದ್ಯಗಳ ಆ ಹೊಳಪನ್ನು ತುಸು ತಗ್ಗಿಸುತ್ತಾರೆ. ಚೆಲ್ಲೊವಿನ ತಳವನ್ನು ಕಡಿದು ಬಾಸ್ ಗಿಟಾರಿಗೆ ಬಿಟ್ಟುಕೊಡುತ್ತಾರೆ. ವಿಶಾಲ ಸಭಾಂಗಣದ ಪಿಟೀಲೂ ಚಿಕ್ಕ ಕೋಣೆಯ ಡ್ರಮ್ಮೂ ಒಂದೇ ಮನೆಯವೆನ್ನಿಸುವಂತೆ ಎರಡಕ್ಕೂ ಸಮಾನವಾದ ಅನುರಣನವನ್ನು ಸೇರಿಸುತ್ತಾರೆ. ಇವೆಲ್ಲ ಔಷಧ. ಪಥ್ಯವಾದರೋ ಸ್ವರಗಳನ್ನು ಬರೆಯುವಾಗಲೇ ಆಗಬೇಕು.

ಆ ಪಥ್ಯವನ್ನು 1966ರ ‘ಎಲಿನರ್ ರಿಗ್ಬಿ’ಯಲ್ಲಿ ಕಾಣಬಹುದು. ನಾಲ್ಕು ಪಿಟೀಲು, ಎರಡು ವಯೋಲ, ಎರಡು ಚೆಲ್ಲೊ, ಗಿಟಾರಿಲ್ಲ, ಡ್ರಮ್ಮಿಲ್ಲ. ಧ್ವನಿತಜ್ಞ ಜೆಫ್ ಎಮರಿಕ್ ಮೈಕುಗಳನ್ನು ತಂತಿಗಳ ತೀರ ಸಮೀಪಕ್ಕೆ ಒಯ್ದರು. ವಾದಕರಿಗೆ ಅದು ಹಿಡಿಸದೆ ಕುರ್ಚಿಗಳನ್ನು ಹಿಂದಕ್ಕೆ ಸರಿಸಿಕೊಂಡರಂತೆ! ಮಾರ್ಟಿನ್ ಬರೆದುದು ಕತ್ತರಿಸಿದಂಥ ಗಿಡ್ಡ ಸ್ವರಗಳನ್ನು. ತಂತಿಗಳೇ ತಾಳವಾದುವು. ಎರಡು ಪೆಟ್ಟುಗಳ ನಡುವಣ ಮೌನದಲ್ಲಿ ಮಾತು ಸ್ಪಷ್ಟವಾಗಿ ನಿಂತಿತು.

ಹಾಗಾದರೆ ವಾದ್ಯಗಳ ಸಂಖ್ಯೆ ಹೆಚ್ಚಬಾರದೆ? ಹಾಗೇನಿಲ್ಲ. 1967ರ ಫೆಬ್ರವರಿಯಲ್ಲಿ ‘ಎ ಡೇ ಇನ್ ದ ಲೈಫ್’ ಗೀತೆಗಾಗಿ 40 ಮಂದಿ ವಾದಕರು ಬಂದರು. ಅವರ ವಾದನವನ್ನು ನಾಲ್ಕು ಸಲ ಮುದ್ರಿಸಿ ಒಂದರ ಮೇಲೊಂದು ಹಾಸಿದರು. ಕೆಳಗಿನ ಸ್ವರದಿಂದ ತುತ್ತತುದಿಗೆ 24 ಆವರ್ತಗಳ ಕಾಲ ಏರುವ ಆ ಭೋರ್ಗರೆತ ಕೊರಳನ್ನು ಕೆಡಿಸಲಿಲ್ಲ. ಹಾಡಿನ ಸಾಲುಗಳು ನಿಂತ ಎಡೆಯಲ್ಲಿ ಅದು ಏಳುತ್ತದೆ.

ಇನ್ನು ‘ದ ಲಾಂಗ್ ಅಂಡ್ ವೈಂಡಿಂಗ್ ರೋಡ್’. 1969ರ ಜನವರಿಯಲ್ಲಿ ಕೆಲವೇ ವಾದ್ಯಗಳೊಡನೆ ಮೆಕಾರ್ಟ್ನಿಯವರು ಇದನ್ನು ಹಾಡಿದ್ದರು. 1970ರ ಏಪ್ರಿಲ್ 1ರಂದು ಫಿಲ್ ಸ್ಪೆಕ್ಟರ್ ಅದರ ಮೇಲೆ 18 ಪಿಟೀಲುಗಳನ್ನೂ ಇತರ ತಂತಿವಾದ್ಯಗಳನ್ನೂ ತುತ್ತೂರಿಗಳನ್ನೂ 14 ಗಾಯಕಿಯರ ಮೇಳವನ್ನೂ ಹೇರಿದರು. ಅವನ್ನು ತಗ್ಗಿಸಿರೆಂದು ಮೆಕಾರ್ಟ್ನಿಯವರು ಪತ್ರ ಬರೆದರೂ ಗೀತೆ ಹಾಗೆಯೇ ಹೊರಬಂದಿತು. ಪಾಲುದಾರಿಕೆ ಮುರಿಯಲು ಅವರು ನ್ಯಾಯಾಲಯದ ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದಾಯಿತು. ಅಮೆರಿಕದಲ್ಲಿ ಇದೇ ಗೀತೆ ಆ ವರ್ಷದ ಜೂನಿನಲ್ಲಿ ಮೊದಲ ಸ್ಥಾನಕ್ಕೇರಿತೆಂಬುದನ್ನೂ ಹೇಳಬೇಕು. ಜನ ಮೆಚ್ಚಿದರು, ನಿಜ. ಆದರೆ ವಾದ್ಯವೃಂದವಿಲ್ಲದೆ 2003ರಲ್ಲಿ ಬಂದ ಆವೃತ್ತಿಯನ್ನು ಕೇಳಿದಾಗ ದಣಿದ ಮನುಷ್ಯನೊಬ್ಬನ ಉಸಿರು ನನ್ನ ಕಿವಿಗೆ ಮುಟ್ಟಿತು. ಮೊದಲಿನದರಲ್ಲಿ ಆ ದಣಿವಿಗೆ ಜರಿಯ ಶಾಲು ಹೊದಿಸಿದ್ದರು.

ಇಂದು ಇಡಿಯ ವಾದ್ಯವೃಂದವೇ ಕಂಪ್ಯೂಟರಿನೊಳಗೆ ಅಡಗಿ ವಿದ್ಯಾರ್ಥಿಯ ಮೇಜಿನ ಮೇಲೆ ಕುಳಿತಿದೆ. ಬೆರಳೊತ್ತಿದರೆ ನೂರು ಪಿಟೀಲು ನುಡಿದಾವು. ಕರೆಯುವುದು ಇಷ್ಟು ಸುಲಭವಾದಾಗ ಸುಮ್ಮನಿರಿಸುವ ವಿವೇಕಕ್ಕೆ ಬೆಲೆ ಹೆಚ್ಚು. ತಂತಿಗಳನ್ನು ಕೂಡಿಸುವ ಮೊದಲು ಬರಿಯ ಕೊರಳನ್ನು ಒಮ್ಮೆ ಕೇಳಬೇಕು. ಅದು ಏನನ್ನು ಹೇಳದೆ ಬಿಟ್ಟಿದೆಯೋ ಅದಷ್ಟೇ ತಂತಿಗಳ ಪಾಲು.