ಟ್ರ್ಯಾಕ್ಟರಿನ ಥರ್ಮೋಸ್ಟ್ಯಾಟ್: ಜೋಡಣೆ ಮತ್ತು ಪರೀಕ್ಷೆ

ಇಂಜಿನ್ ಹೆಚ್ಚು ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನೇ ತೆಗೆದುಹಾಕಿ ಉಳುಮೆ ಮಾಡುವ ರೂಢಿ ಕೆಲವೆಡೆ ಇದೆ. ಇದು ಸರಿಯಲ್ಲ. ಇಂಜಿನ್ ಬೇಕಾದಷ್ಟು ಬಿಸಿಯಾಗದಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದ ಡೀಸೆಲ್ ಇಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಪಿಸ್ಟನ್ ರಿಂಗು, ಲೈನರುಗಳು ಬೇಗ ಸವೆಯುತ್ತವೆ.

ಥರ್ಮೋಸ್ಟ್ಯಾಟಿನೊಳಗಿನ ಮೇಣ ಕರಗಿ ಹಿಗ್ಗಿದಾಗ ಕವಾಟ ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ತೆರೆಯುವ ಉಷ್ಣತೆಯನ್ನು, ಉದಾಹರಣೆಗೆ 82° ಸೆ., ಅದರ ಮೇಲೆಯೇ ಒತ್ತಿರುತ್ತಾರೆ. ಬೇರೆ ತಯಾರಿಕೆಯದನ್ನು ಕೊಳ್ಳುವಾಗ ಈ ಅಂಕಿ ಮತ್ತು ಅಳತೆ ಟ್ರ್ಯಾಕ್ಟರಿನ ಕೈಪಿಡಿಗೆ ಹೊಂದಬೇಕು.

ಪರೀಕ್ಷೆ: ಜೋಡಿಸುವ ಮೊದಲು ಅದನ್ನು ದಾರದಿಂದ ಕಟ್ಟಿ, ತಳಕ್ಕೆ ತಗುಲದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಬೇಕು. ಉಷ್ಣಮಾಪಕ ಆ ಅಂಕಿಯ ಸುಮಾರಿಗೆ ಬಂದಾಗ ಕವಾಟ ತೆರೆಯತೊಡಗಬೇಕು, ಆರಿದಾಗ ಮುಚ್ಚಬೇಕು. ನೀರು ಕುದಿದರೂ ತೆರೆಯದಿದ್ದರೆ ಅದು ನಿರುಪಯೋಗಿ.

ಜೋಡಣೆ: ಇಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆದು ನೀರು ಇಳಿಸಿ. ಮೇಣ ತುಂಬಿದ ಭಾಗ ಇಂಜಿನ್ನಿನ ಕಡೆಗಿರಲಿ, ಗಾಳಿರಂಧ್ರವಿದ್ದರೆ ಮೇಲಕ್ಕಿರಲಿ. ಹಳೆಯ ಗ್ಯಾಸ್ಕೆಟನ್ನು ಕೆರೆದು ಹೊಸದನ್ನು ಹಾಕಿ, ಬೋಲ್ಟುಗಳನ್ನು ಸಮನಾಗಿ ಬಿಗಿಮಾಡಿ. ಕೂಲೆಂಟನ್ನು ನಿಧಾನವಾಗಿ ತುಂಬಿ. ಬೇಗ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಇಂಜಿನ್ ಓಡಿಸಿ, ಆರಿದ ಬಳಿಕ ಮಟ್ಟ ನೋಡಿ.

ದೋಷಗಳು: ಮಾಪಕ ಬಿಸಿ ತೋರಿಸಿದರೂ ಮೇಲಿನ ಹೋಸ್ ತಣ್ಣಗಿದ್ದರೆ ಕವಾಟ ತೆರೆದಿಲ್ಲ, ಇಲ್ಲವೆ ಗಾಳಿ ಸಿಕ್ಕಿದೆ. ಚಾಲೂ ಮಾಡಿದಂದಿನಿಂದಲೇ ಹೋಸ್ ಸ್ವಲ್ಪಸ್ವಲ್ಪವಾಗಿ ಬೆಚ್ಚಗಾಗುತ್ತಿದ್ದರೆ ಕವಾಟ ತೆರೆದೇ ನಿಂತಿದೆ. ಹೋಸ್ ಚೆನ್ನಾಗಿ ಬಿಸಿಯಾಗಿಯೂ ಇಂಜಿನ್ ಕುದಿಯುತ್ತಿದ್ದರೆ ರೇಡಿಯೇಟರಿಗೆ ಹೊಟ್ಟು ಮೆತ್ತಿದೆಯೇ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ನೋಡಿ.

ಮಳೆಗೆ ಮುಂಚೆಯೇ ಈ ಪರೀಕ್ಷೆ ಮಾಡಿಕೊಂಡರೆ ಬಿತ್ತನೆಯ ಹದ ತಪ್ಪುವುದಿಲ್ಲ.