ಉಬ್ಬರವಿಲ್ಲದ ಸೀಮೆಯಲ್ಲಿ ಸೀಗಡಿ ಹೊಂಡ

2024ರ ಜನವರಿ 31ರಂದು ಕರ್ನಾಟಕದ ಮೂರು ಜಲತಾಣಗಳಿಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳಿಗೆ ಸಲ್ಲುವ ರಾಮ್ಸಾರ್ ಮನ್ನಣೆ ಪ್ರಕಟವಾಯಿತು: ಕುಮಟಾದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅಘನಾಶಿನಿಯಲ್ಲಿ ದಿನಕ್ಕೆರಡು ಬಾರಿ ಉಬ್ಬರ ಬರುತ್ತದೆ. ತೂಬು ಎತ್ತಿದರೆ ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ, ಹಳೆ ನೀರು ಹೋಗಿ ಹೊಸ ನೀರು ಬರುತ್ತದೆ. ಅಂಕಸಮುದ್ರದ ಸೀಮೆಗೆ ಆ ಭಾಗ್ಯವಿಲ್ಲ. ಕೂಡ್ಲಿಗಿ, ಕೊಟ್ಟೂರಿನಲ್ಲಿ, ಹೊಳೆಸಾಲು ಬಿಟ್ಟರೆ ಹರಪನಹಳ್ಳಿ, ಹಡಗಲಿಯಲ್ಲೂ, ನೀರೆಂದರೆ ಮಳೆ ಇಲ್ಲವೇ ಬೋರ್‌ವೆಲ್.

ಇಲ್ಲಿ ಸಿಹಿನೀರಿನ ಸೀಗಡಿಯನ್ನೋ ಕಾಟ್ಲಾ, ರೋಹುವನ್ನೋ ಸಾಕಬೇಕೆನ್ನುವ ರೈತ ಮೊದಲು ಲೆಕ್ಕ ಹಾಕಬೇಕಾದದ್ದು ನೀರಿನದು. 1,000 ಘನಮೀಟರ್ ನೀರಿರುವ ಹೊಂಡದಲ್ಲಿ ದಿನಕ್ಕೆ ಶೇ 10ರಷ್ಟು ಬದಲಿಸಿದರೆ 1 ಲಕ್ಷ ಲೀಟರ್ ಬೇಕು. ಅಂದರೆ 5,000 ಲೀಟರಿನ 20 ಟ್ಯಾಂಕರ್, ಪ್ರತಿದಿನ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಊರುಗಳಲ್ಲಿ ಇದು ಸಲ್ಲದು.

ಕೊಳೆ ಬರುವುದು ಮೇವಿನಿಂದ

ನೀರು ಬದಲಿಸುವುದೇಕೆ? ಅಮೋನಿಯಾ ಹೊರಹಾಕಲು. ಶೇ 30ರಷ್ಟು ಪ್ರೋಟೀನ್ ಇರುವ ಒಂದು ಕಿಲೋ ಮೇವಿನಲ್ಲಿ ಸುಮಾರು 48 ಗ್ರಾಂ ಸಾರಜನಕವಿರುತ್ತದೆ. ಜೀವಿಯ ಮೈಗೆ ಹತ್ತುವುದು ಅದರಲ್ಲಿ ಕಾಲುಭಾಗದ ಆಸುಪಾಸು, ಮಿಕ್ಕದ್ದು ನೀರಿಗೆ. ಹಾಗಾಗಿ ನೀರುಳಿತಾಯ ಪಂಪಿನಿಂದಲ್ಲ, ಮೇವಿನ ಬೊಗಸೆಯಿಂದ ಶುರುವಾಗಬೇಕು. ತಟ್ಟೆಯಲ್ಲಿ ಸ್ವಲ್ಪ ಮೇವಿಟ್ಟು ಹೊಂಡಕ್ಕಿಳಿಸಿ, ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ಮುಂದಿನ ಹೊತ್ತಿಗೆ ಕಡಿಮೆ ಮಾಡಿ.

ಆದರೂ ಸೇರುವ ಕೊಳೆಯನ್ನು ನೀರು ಚೆಲ್ಲದೆ ಕಳೆಯುವ ದಾರಿ ಮರುಬಳಕೆ. ಈ ಪದ್ಧತಿಯಲ್ಲಿ ಹೊಂಡದ ನೀರು ಮೊದಲು ತಿಳಿಯಾಗುವ ತೊಟ್ಟಿಗೆ ಹೋಗಿ ಗಸಿ ಇಳಿಸುತ್ತದೆ. ಆಮೇಲೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಹಾಯುತ್ತದೆ. ಕಲ್ಲುಗಳ ಮೇಲೆ ನೆಲೆನಿಂತ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟಾಗಿಯೂ ಬಳಿಕ ಅಷ್ಟಾಗಿ ಕೇಡು ಮಾಡದ ನೈಟ್ರೇಟಾಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳಿಗೂ ಗಾಳಿ ಬೇಕು. ಅವು ನೀರಿನ ಕ್ಷಾರೀಯತೆಯನ್ನೂ ತಗ್ಗಿಸುತ್ತವೆ. ಅದಕ್ಕೇ ಆಗಾಗ ಪರೀಕ್ಷಿಸಿ ಸುಣ್ಣದಂಶ ಕೊಡಬೇಕು.

ದಿನದಲ್ಲಿ ಎರಡು ಹೊತ್ತು ಅಪಾಯದವು. ಮಧ್ಯಾಹ್ನ ಪಾಚಿಯಿಂದ ಪಿಎಚ್ ಏರಿ ಅಮೋನಿಯಾದ ವಿಷ ಹೆಚ್ಚುತ್ತದೆ. ಬೆಳಗಿನ ಜಾವ ಆಮ್ಲಜನಕ ತೀರಾ ಇಳಿಯುತ್ತದೆ. ಆಗಲೇ ಕರೆಂಟು ಹೋಗಿ ನೀರಿಗೆ ಗಾಳಿ ಊಡುವ ಯಂತ್ರ ನಿಂತರೆ ಕೆಲವೇ ತಾಸುಗಳಲ್ಲಿ ಇಡೀ ಬೆಳೆ ಸತ್ತು ತೇಲಬಹುದು. ಜನರೇಟರ್ ಇಲ್ಲದವರು ಒತ್ತೊತ್ತಾಗಿ ಮರಿ ಬಿಡಲೇಬಾರದು.

ಹೊಂಡದಿಂದ ಹೊಲಕ್ಕೆ

ಎಷ್ಟು ಮರುಬಳಸಿದರೂ ಆವಿಯಾಗುವ ನೀರು ಉಪ್ಪನ್ನು ಹಿಂದೆ ಬಿಟ್ಟೇ ಹೋಗುತ್ತದೆ, ನೈಟ್ರೇಟೂ ಕೂಡುತ್ತದೆ. ಸ್ವಲ್ಪ ನೀರನ್ನು ಹೊರಬಿಡಲೇಬೇಕು. ಕರಾವಳಿಯ ಸೀಗಡಿಗಾಗಿ ಹೊಂಡಕ್ಕೆ ಉಪ್ಪು ಬೆರೆಸುವ ವಿದ್ಯೆ ಈ ಸೀಮೆಗೆ ಬೇಡವೆನ್ನುವುದು ಇದಕ್ಕೇ: ಆ ಉಪ್ಪನ್ನು ಒಯ್ಯಲು ಇಲ್ಲಿ ಕಡಲಿಲ್ಲ, ಅದು ಹೊಲದಲ್ಲೇ ಉಳಿಯುತ್ತದೆ. ಸಿಹಿನೀರಿನ ಹೊಂಡದ ನೈಟ್ರೇಟ್ ಮಾತ್ರ ಬೆಳೆಗೆ ಗೊಬ್ಬರ. ಉಪ್ಪಿನಂಶ ನೋಡಿಕೊಂಡು ಆ ನೀರನ್ನು ಹಡಗಲಿಯಲ್ಲಿ ಮಲ್ಲಿಗೆಗೆ, ಹರಪನಹಳ್ಳಿಯಲ್ಲಿ ಮೆಕ್ಕೆಜೋಳಕ್ಕೆ ಹಾಯಿಸಬಹುದು. ಬೇಸಿಗೆಯಲ್ಲಿ ಕೆರೆಯ ಗೋಡು ಹೇರಿ ಹೊಲಕ್ಕೆ ಹಾಕುವ ಬಯಲುಸೀಮೆಯವರಿಗೆ ಹೊಂಡದ ಗಸಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಹೊಂಡದ ನೀರನ್ನಾಗಲಿ ಗಸಿಯನ್ನಾಗಲಿ ಹಳ್ಳಕ್ಕೆ ಮಾತ್ರ ಬಿಡಬೇಡಿ. ಹಳ್ಳದ ನೀರು ಇಳಿಯುವುದು ಕೆಳಗಿನೂರಿನ ಕೆರೆಗೆ. ಅಲ್ಲಿ ದನ ಕುಡಿಯುತ್ತವೆ, ಹಕ್ಕಿ ಇಳಿಯುತ್ತವೆ.